ಎಡಗಣ್ಣಿಗೆ ಕಂಡ ವೆರಾಕ್ರೂಜ್

ವೆರಾಕ್ರೂಜ್, ಮೆಕ್ಸಿಕೊ
16 ಫೆಬ್ರವರಿ 2025, ಭಾನುವಾರ

ಪ್ರೀತಿಯ ಸುಷ್ಮಾ,

ನಾನು ಕ್ಷೇಮ. ಐದು ವಾರಗಳಿಂದ ಫೋನಿನಲ್ಲಿ ಈ ಮಾತನ್ನು ಸುಳ್ಳಾಗಿ ಹೇಳುತ್ತಿದ್ದೆ. ನಿನ್ನೆಯಿಂದ ಅದು ನಿಜವಾಗಿದೆ, ಅದಕ್ಕೇ ಈ ಕಾಗದ. ಈಗಲೂ ಫೋನು ಮಾಡಬಹುದಿತ್ತು. ಆದರೆ ನೀನು ಹಲೋ ಎಂದ ಕೂಡಲೇ ನನ್ನ ಬಾಯಿಂದ ಸುಳ್ಳೇ ಹೊರಡುತ್ತದೆ, ಏನು ಮಾಡಲಿ? ಕುಮಟಾದ ವಿಘ್ನೇಶ್ವರ ಬೇರೊಂದು ಹಡಗಿನಿಂದ ಇಳಿದು ನಾಳೆ ಊರಿಗೆ ಹೊರಟಿದ್ದಾನೆ. ಅವನ ಕೈಯಲ್ಲಿ ಕೊಡುತ್ತೇನೆ. ನಾನು ಹೊನ್ನಾವರ ಮುಟ್ಟುವ ಮೊದಲು ಇದು ನಿನಗೆ ಮುಟ್ಟಲಿ.

ನಾನು ಕಳಿಸಿದ ಕೋಟೆ, ಚರ್ಚುಗಳ ಫೋಟೋ ನೋಡಿ ನೀನು ಹೇಮಾಳ ಹತ್ತಿರ, "ನಿನ್ನ ಅಪ್ಪ ದುಡೂಕೆ ಹೋದದ್ದಾ, ತಿರ್ಗೂಕೆ ಹೋದದ್ದಾ?" ಎಂದೆಯಂತೆ. ತಿರುಗಿದ್ದು ನಿಜ. ಹಡಗು ಬಂದರಿನ ಹೊರಗೆ ಸರದಿ ಕಾಯುತ್ತಿದೆ ಎಂದದ್ದು ಸುಳ್ಳು. ಹಡಗು ಜನವರಿ ಹನ್ನೊಂದಕ್ಕೇ ನನ್ನನ್ನು ಇಲ್ಲಿ ಬಿಟ್ಟು ಹೋಯಿತು.

ಅದಕ್ಕೆ ಎರಡು ದಿನ ಮೊದಲು, ಬಂದರಿನ ಧಕ್ಕೆಗೆ ಹಡಗಿನ ಹಗ್ಗ ಕಟ್ಟುತ್ತಿದ್ದಾಗ, ಎಡಗಣ್ಣಿನ ಮುಂದೆ ಕಿವಿಯ ಕಡೆಯಿಂದ ಒಂದು ಕಪ್ಪು ಪರದೆ ಸರಿದು ಬಂತು. ಕಣ್ಣಿನ ಹಿಂದಿನ ಪೊರೆ ಗೋಡೆ ಬಿಟ್ಟು ಕಿತ್ತುಕೊಂಡಿದೆ, ಇನ್ನೆರಡು ದಿನ ಬಿಟ್ಟರೆ ಆ ಕಣ್ಣು ಇಲ್ಲ ಎಂದರು ಡಾಕ್ಟರು. ಅವತ್ತೇ ಆಪರೇಷನ್ ಮಾಡಿದರು. ಪೊರೆ ಗೋಡೆಗೆ ಒತ್ತಿ ಕೂರಲಿ ಎಂದು ಕಣ್ಣಿನೊಳಗೆ ಗ್ಯಾಸು ತುಂಬಿದರು. ಅದು ತಾನಾಗಿ ಕರಗುವ ತನಕ ವಿಮಾನ ಹತ್ತುವಂತಿಲ್ಲ. ಮೇಲೆ ಹೋದರೆ ಗ್ಯಾಸು ಉಬ್ಬಿ ಕಣ್ಣನ್ನೇ ಕೆಡಿಸುತ್ತದಂತೆ. ಹಾಗಾಗಿ ಇಲ್ಲೇ ಉಳಿದೆ.

ಹಡಗು ಕಂಪನಿಯ ಏಜೆಂಟರು ಎಲ್ವಿರಾ ಎಂಬ ಮುದುಕಿಯ ಮನೆಯಲ್ಲಿ ಕೋಣೆ ಮಾಡಿಕೊಟ್ಟರು. ಗಂಡ ಇಲ್ಲ, ಶಾಲೆಯಲ್ಲಿ ಕಲಿಸಿ ನಿವೃತ್ತಳಾದವಳು. ನಾನು ಎಲ್ವಿರಾಬಾಯಿ ಎಂದೇ ಕರೆಯುತ್ತೇನೆ. ಏಳು ದಿನ ಹಗಲೂ ರಾತ್ರಿ ನೆಲ ನೋಡುತ್ತಲೇ ಇರಬೇಕಿತ್ತು. ಅವಳು ತಗ್ಗು ಮಣೆಯ ಮೇಲೆ ಅನ್ನ, ಕರಿ ಅವರೆಯಂಥ ಕಾಳಿನ ಸಾರು ಇಟ್ಟು ನನ್ನ ಮೂಗಿನ ಕೆಳಗೆ ತಳ್ಳುತ್ತಿದ್ದಳು. ತಲೆ ಎತ್ತಿದರೆ ಕುತ್ತಿಗೆಗೆ ಒಂದು ತಟ್ಟಿ "ಅಬಾಹೊ!" ಎನ್ನುತ್ತಿದ್ದಳು. ಕೆಳಗೆ ಎಂದರ್ಥ. ಈ ಭಾಷೆಯಲ್ಲಿ ನಾನು ಕಲಿತ ಮೊದಲ ಶಬ್ದ ಅದು. ಆ ವಾರ ನೀನು ಫೋನು ಮಾಡಿ, "ಸ್ವರ ಎಂತಕ್ಕೆ ಹೀಂಗೆ ಬತ್ತದೆ?" ಎಂದು ಕೇಳಿದ್ದೆ. ಶೀತ ಎಂದಿದ್ದೆ. ಆಮೇಲೆ ದಿಂಬಿನಲ್ಲಿ ಮುಖ ಇಟ್ಟು ಅತ್ತೆ. ಒಂದು ಕಣ್ಣು ಹೋಯಿತು, ಇನ್ನೊಂದೂ ಹೋದರೆ ಎಂಬ ಹೆದರಿಕೆ ಅಷ್ಟಿತ್ತು.

ಎಂಟನೆಯ ದಿನ ತಲೆ ಎತ್ತಿದಾಗ ಆ ಕಣ್ಣಿಗೆ ಬರೀ ಮಂಜು. ನಿಧಾನವಾಗಿ ನಡೆದಾಡು ಎಂದರು ಡಾಕ್ಟರು. ಸರಿ, ಎಲ್ವಿರಾಬಾಯಿ ಊರು ತೋರಿಸಲು ಹೊರಟೇಬಿಟ್ಟಳು.

ಮೊದಲು ಸಮುದ್ರದ ಬಾಯಲ್ಲಿರುವ ದೊಡ್ಡ ಕೋಟೆ. ಸ್ಪೇನಿನವರು ಕಟ್ಟಿಸಿದ್ದು. ನಮ್ಮ ಮಿರ್ಜಾನದ್ದು ಚಿರೆಕಲ್ಲಿನ ಕೋಟೆಯಲ್ಲವೇ, ಇದು ಹವಳದ ಕಲ್ಲಿನದು. ಗೋಡೆ ಸವರಿದರೆ ಸಮುದ್ರದ ಜೀವಿಗಳ ಗೂಡು ಬೆರಳಿಗೆ ಸಿಗುತ್ತದೆ. ಹಳೆಯ ಹಡಗುಗಳನ್ನು ಕಟ್ಟುತ್ತಿದ್ದ ಕಬ್ಬಿಣದ ಬಳೆಗಳು ಒಂದು ಗೋಡೆಯಲ್ಲಿವೆ. ಹಗ್ಗದ ಕೆಲಸದವನು, ನಾನು ಅಲ್ಲೇ ನಿಂತುಬಿಟ್ಟೆ. ಅಭ್ಯಾಸದಂತೆ ಬಲಗಣ್ಣನ್ನು ಅಂಗೈಯಿಂದ ಮುಚ್ಚಿ ನೋಡಿದರೆ, ಸುಷ್ಮಾ, ಗೋಪುರದ ತುದಿ ಕಂಡಿತು! ತುದಿ ಮಾತ್ರ. ಅದರ ಕೆಳಗೆ ಒಂದು ನೀರಿನ ಗೆರೆ, ಗೆರೆಯ ಕೆಳಗೆ ಮಂಜು. ನಡೆದರೆ ಆ ಗೆರೆ ಕೊಡದೊಳಗಿನ ನೀರಿನ ಹಾಗೆ ತುಳುಕುತ್ತಿತ್ತು. ಗ್ಯಾಸು ಕರಗುವುದು ಹಾಗೇ ಅಂತೆ.

ಆಮೇಲೆ ಗೆರೆ ದಿನಕ್ಕಿಷ್ಟು ಇಳಿಯಿತು, ಶರಾವತಿಯ ಅಳಿವೆಯಲ್ಲಿ ಇಳಿತದ ಹೊತ್ತಿಗೆ ನೀರು ಇಳಿದ ಹಾಗೆ. ದೊಡ್ಡ ಚರ್ಚಿನ ಗುಮ್ಮಟ ಒಂದು ದಿನ ಪೂರ್ತಿ ಕಂಡಿತು, ಬಾಗಿಲು ಕಾಣಲು ಮತ್ತೆ ನಾಲ್ಕು ದಿನ ಹಿಡಿಯಿತು. ಹಳೆಯ ಊರಗೋಡೆಯಲ್ಲಿ ಈಗ ಉಳಿದಿರುವುದು ಒಂದೇ ಕೊತ್ತಲ. ಅಲ್ಲಿ ಗಾಜಿನೊಳಗೆ ಚಿನ್ನದ ಒಡವೆಗಳಿವೆ. ಆಕ್ಟೋಪಸ್ ಹಿಡಿಯಲು ಮುಳುಗಿದ ಮೀನುಗಾರನೊಬ್ಬನಿಗೆ ಸಮುದ್ರದ ತಳದಲ್ಲಿ ಸಿಕ್ಕಿದ್ದಂತೆ. ನನಗೆ ಒಂದೊಂದೂ ಎರಡೆರಡಾಗಿ ಕಂಡವು. ನಕ್ಕೆ. ಎಲ್ವಿರಾಬಾಯಿ ಕರವಸ್ತ್ರ ಕೊಟ್ಟಳು, ಅಳುತ್ತಿದ್ದೇನೆ ಎಂದುಕೊಂಡಿರಬೇಕು.

ಸಂಜೆ ಇಲ್ಲಿಯ ಚೌಕದಲ್ಲಿ ವಾದ್ಯ ನುಡಿಸುತ್ತಾರೆ, ವಯಸ್ಸಾದ ಗಂಡಹೆಂಡಿರು ಇಸ್ತ್ರಿ ಬಟ್ಟೆ ಹಾಕಿಕೊಂಡು ಬಂದು ಕುಣಿಯುತ್ತಾರೆ. ನಡುವೆ ಒಂದು ಕಡೆ ಎಲ್ಲರೂ ನಿಂತುಬಿಡುತ್ತಾರೆ. ಹೆಂಗಸರು ಬೀಸಣಿಗೆ ಬೀಸಿಕೊಳ್ಳುತ್ತಾರೆ. ಮತ್ತೆ ಕೈ ಹಿಡಿದು ಶುರು. ಕಳೆದ ವಾರ ಅದನ್ನು ನೋಡುತ್ತ ಕುಳಿತಿದ್ದಾಗ ಎಲ್ವಿರಾಬಾಯಿ ತನ್ನ ಫೋನಿನಲ್ಲಿ ಮಾತಾಡಿ, ಅದರ ಇಂಗ್ಲಿಷನ್ನು ನನಗೆ ಕೇಳಿಸಿದಳು. ಕಣ್ಣಿನ ವಿಷಯಕ್ಕೆ ನಿನ್ನ ಹೆಂಡತಿ ಏನಂದಳು ಎಂದು. ನಾನು ಕುಣಿಯುವವರ ಕಡೆ ಮುಖ ತಿರುಗಿಸಿದೆ. ಅವಳಿಗೆ ಅರ್ಥವಾಯಿತು. ಎದ್ದು ನನ್ನನ್ನು ಬಿಟ್ಟು ಮುಂದೆ ನಡೆದಳು. ಮನೆಗೆ ಬಂದವಳೇ ನಾನೀಗ ಬರೆಯುತ್ತಿರುವ ಈ ಹಾಳೆಗಳ ಪುಸ್ತಕ ತಂದು ಮೇಜಿನ ಮೇಲಿಟ್ಟಳು.

ಇನ್ನೊಂದು ಹೇಳಬೇಕು. ಇದು ಇಲ್ಲಿ ಬಂದ ಕಾಯಿಲೆ ಅಲ್ಲ. ನವೆಂಬರಿನಲ್ಲೇ ಆ ಕಣ್ಣಿನ ಎದುರು ಕಪ್ಪು ಎಳೆಗಳು ಹಾರುತ್ತಿದ್ದವು, ಎಡಗಡೆಯ ಅಂಚಿನಲ್ಲಿ ಒಂದು ನೆರಳಿತ್ತು. "ಎಂತಕ್ಕೆ ಕಣ್ಣು ಉಜ್ಜೂದು?" ಎಂದು ನೀನು ಎರಡು ಸಲ ಕೇಳಿದೆ. ಗಾಳಿಗೆ ಹೊಯಿಗೆ ಹಾರಿ ಬಿತ್ತು ಎಂದೆ. ಈ ಸಲ ಹಡಗು ಬೇಡ ಎಂದು ನೀನು ಜಗಳ ಹಿಡಿದಿದ್ದೆ. ಕಣ್ಣಿನ ವಿಷಯ ಬಾಯಿಬಿಟ್ಟರೆ ನಿನ್ನ ಮಾತೇ ಗೆದ್ದಂತೆ ಎಂದು ಹಟ ಮಾಡಿದೆ. ಮುಂಬಯಿಯ ತಪಾಸಣೆಯಲ್ಲಿ ಅಕ್ಷರಗಳೆಲ್ಲ ಸರಿಯಾಗಿಯೇ ಕಂಡವು. ಏನಾದರೂ ತೊಂದರೆ ಇದೆಯೇ ಎಂದು ಕೇಳಿದಾಗ ಇಲ್ಲ ಎಂದು ಸಹಿ ಹಾಕಿದೆ. ಬೈಯುವುದಿದ್ದರೆ ಇದಕ್ಕೆ ಬೈ.

ನಿನ್ನೆ ಡಾಕ್ಟರು ನೋಡಿದರು. ಪೊರೆ ಕೂತಿದೆ, ಗ್ಯಾಸು ಪೂರ್ತಿ ಹೋಗಿದೆ, ವಿಮಾನ ಹತ್ತಬಹುದು. ಆದರೆ ಹಡಗಿನ ಕೆಲಸಕ್ಕೆ ಬೇಕಾದಷ್ಟು ಆ ಕಣ್ಣು ಇನ್ನು ಕಾಣಲಾರದು ಎಂದು ಅವರು ಬಹಳ ಬೇಸರದಿಂದ ಹೇಳಿದರು. ನನಗೆ ಬೇಸರವಾಗಬೇಕಿತ್ತು. ಹೆಗಲಿನಿಂದ ಒದ್ದೆ ಹಗ್ಗದ ಸುರುಳಿ ಇಳಿಸಿದಂತಾಯಿತು. ಹೊರಗೆ ಬಂದು ಒಂದು ದೊಡ್ಡ ಲೋಟ ಹಾಲುಕಾಫಿ ಕುಡಿದೆ. ಬಂದು ಏನು ಮಾಡುತ್ತೇನೆ ಎಂದು ಈಗಲೇ ಕೇಳಬೇಡ. ನಿನ್ನ ಅಣ್ಣ ವೆಂಕಟನ ಬೋಟಿನ ಬಲೆ ಕಟ್ಟಬಹುದು. ಬೆಳಿಗ್ಗೆ ಎಲ್ವಿರಾಬಾಯಿಯ ಸೂಜಿಗೆ ಎಡಗಣ್ಣಿನಿಂದಲೇ ದಾರ ಪೋಣಿಸಿದೆ. ಮೂರನೆಯ ಸಲಕ್ಕೆ ಆತು.

ಇಪ್ಪತ್ನಾಲ್ಕರ ಸೋಮವಾರ ಗೋವಾದಲ್ಲಿ ಇಳಿಯುತ್ತೇನೆ. ಸಿಟ್ಟಿದ್ದರೆ ಇರಲಿ, ಮನೆಯಲ್ಲಿ ಮಾತ್ರ ಇರು.

ಇನ್ನು ಏನನ್ನೂ ಮುಚ್ಚಿಡದ,
ಜಗದೀಶ

ಬರೆದು ಮುಗಿಸಿದ ಮೇಲೆ: ನಾನು ಹೊರಟ ದಿನ ನೀನು ಹೊನ್ನಾವರ ಸ್ಟೇಷನ್ನಿಗೆ ಬಂದಿದ್ದೆ ಎಂದು ಹೇಮಾ ಮೊನ್ನೆ ಮಾತಿನ ನಡುವೆ ಹೇಳಿದಳು. ಪ್ಲಾಟ್‌ಫಾರ್ಮಿನಲ್ಲಿ ನನ್ನ ಎಡಗಡೆ, ನಾಲ್ಕು ಮಾರು ದೂರದಲ್ಲಿ, ಬುತ್ತಿ ಹಿಡಿದುಕೊಂಡು ನಿಂತು ಕೈ ಬೀಸಿದೆಯಂತೆ. ನಾನು ಕಂಡೂ ಕಾಣದವನ ಹಾಗೆ ರೈಲು ಹತ್ತಿದೆ ಎಂದುಕೊಂಡು ಹಾಗೇ ತಿರುಗಿ ಹೋದೆಯಂತೆ. ಇಷ್ಟು ದಿನ ನೀನು ಅದನ್ನು ಒಂದು ಸಲವೂ ಎತ್ತಲಿಲ್ಲ. ಸುಷ್ಮಾ, ಆಣೆಗೂ ನೀನು ನನಗೆ ಕಂಡಿರಲಿಲ್ಲ.