ಅಣ್ಣ ತಂದ ನೀಲಿ ಸ್ವೆಟರ್

ಅಮ್ಮಾ,

ಇವತ್ತು ಬೆಳಿಗ್ಗೆ ಅಣ್ಣ ಬಂದಿದ್ದ. ನೀನು ಹೋದಮೇಲೆ ನಾವಿಬ್ಬರೂ ಮಾತು ಬಿಟ್ಟಿದ್ದೆವು; ಅದು ನಿನಗೆ ತಿಳಿಯದೆ ಹೋದದ್ದೇ ಒಳ್ಳೆಯದಾಯಿತು. ಮಂಜಿನಲ್ಲಿ ನಡೆದು ಬಂದವನು ಬಾಗಿಲಲ್ಲೇ ನಿಂತು, ಚಿಕ್ಕಂದಿನಲ್ಲಿ ನೀನು ಅವನಿಗೆ ಹೆಣೆದುಕೊಟ್ಟಿದ್ದ ನೀಲಿ ಸ್ವೆಟರನ್ನು ಚೀಲದಿಂದ ತೆಗೆದ. ಅವನು ಬೆಳೆದಂತೆಲ್ಲ ನೀನು ತೋಳಿನ ತುದಿಗೆ ಸೇರಿಸುತ್ತಿದ್ದ ಬೇರೆಬೇರೆ ಬಣ್ಣದ ಪಟ್ಟಿಗಳು ಹಾಗೇ ಇದ್ದವು.

"ಮೊಮ್ಮಗಳು ಹುಟ್ಟಿದಾಳೆ ಕಣೇ. ಇದನ್ನ ಬಿಚ್ಚಿ ಅವಳಿಗೊಂದು ಟೋಪಿ ಹೆಣೆದ್ಕೊಡ್ತೀಯಾ? ಅಮ್ಮನ ಕೈ ಬಂದಿರೋದು ನಿನಗೇ ತಾನೆ."

"ಮೊದ್ಲು ಒಳಗೆ ಬಾ, ಚಳಿ," ಎಂದೆ.

ಕಿಟಕಿಯ ಮಸುಕು ಬೆಳಕಿನಲ್ಲಿ ಕೂತು ಒಂದು ತೋಳು ಬಿಚ್ಚತೊಡಗಿದೆ. ದಾರ ಗುಂಗುರು ಗುಂಗುರಾಗಿ ಮಡಿಲಿಗೆ ಬಿತ್ತು. ನಾನು ಕೇಳದೆಯೇ ಅಣ್ಣ, ಹಿಂದೆ ನಿನ್ನೆದುರು ಕೂರುತ್ತಿದ್ದ ಹಾಗೆ, ಎರಡೂ ಕೈ ಮುಂದೆ ಚಾಚಿದ. ಅವನ ಕೈಗಳಿಗೆ ದಾರ ಸುತ್ತುತ್ತ ಹೋದಂತೆ ಕೋಣೆಯಲ್ಲೆಲ್ಲ ಬೆಚ್ಚಗಿನ ಉಣ್ಣೆಯ ವಾಸನೆ ತುಂಬಿತು. ಬೀದಿಯ ಸದ್ದುಗಳು ನೀರಿನ ಆಳದಿಂದ ಬಂದಂತೆ ಕೇಳುತ್ತಿದ್ದವು.

"ನೆಟ್ಟಗೆ ಹಿಡಿಯೋ, ತೂಕಡಿಸಬೇಡ."

"ಥೇಟ್ ಅಮ್ಮನೇ," ಎಂದು ನಕ್ಕ. ನಮ್ಮಿಬ್ಬರನ್ನು ದೂರ ಮಾಡಿದ, ನಿನ್ನ ಆಸ್ಪತ್ರೆಯ ಆ ಕೊನೆಯ ದಿನಗಳ ಮಾತನ್ನು ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ತೋಳು ಪೂರ್ತಿ ಬಿಚ್ಚಿಯಾಯಿತು.

"ಪುಟ್ಟ ತಲೆಗೆ ಇಷ್ಟು ಸಾಕು," ಎಂದೆ.

ಅಣ್ಣ ಕೈ ಇಳಿಸಲಿಲ್ಲ. ಸ್ವಲ್ಪ ಹೊತ್ತು ದಾರವನ್ನೇ ನೋಡುತ್ತಿದ್ದ.

"ಇನ್ನೊಂದು ತೋಳಿದೆಯಲ್ಲ," ಎಂದ, "ಅದನ್ನೂ ಬಿಚ್ಚು."