ಸಂತೆ ದಿನದ ದೆವ್ವ

ಅಜ್ಜಂಪುರ
18 ಡಿಸೆಂಬರ್ 2025, ಗುರುವಾರ

ಕೃತಿಕಾಳ ಅಪ್ಪನಿಗೆ, ಅವಳ ಅಮ್ಮ ಮಾಡುವ ನಮಸ್ಕಾರ.

ನಾನು ಚೆನ್ನಾಗಿದ್ದೇನೆ ಎಂದು ಸುಳ್ಳು ಬರೆಯುವುದಿಲ್ಲ. ನೀವು ಫೋನು ಎತ್ತುವುದಿಲ್ಲ. ತರೀಕೆರೆಗೆ ಬಂದು ನಿಮ್ಮ ಅಕ್ಕನ ಮನೆ ಬಾಗಿಲಲ್ಲಿ ನಿಲ್ಲಲು ನನಗೆ ಮನಸ್ಸಿಲ್ಲ. ಅದಕ್ಕೇ ಈ ಕಾಗದ. ಹೊನ್ನೇಶ ಹಾಲಿನ ವ್ಯಾನಿನಲ್ಲಿ ತಂದುಕೊಡುತ್ತಾನೆ. ಓದಿ ಮಡಚಿ ಜೇಬಿಗಿಟ್ಟುಕೊಂಡು ಸುಮ್ಮನಾಗಿಬಿಡಬೇಡಿ, ನಿಮ್ಮ ಆ ಅಭ್ಯಾಸ ನನಗೆ ಗೊತ್ತಿಲ್ಲದ್ದೇನಲ್ಲ.

ಮೊದಲು ಊರಿನ ಸುದ್ದಿ. ಸ್ನಾನದ ನೀರು ಕಾಯಿಸಲು ಇನ್ನು ಊರಿನಲ್ಲಿ ಸೌದೆಯೂ ಉರಿಯಬಾರದು, ಗ್ಯಾಸೂ ಉರಿಯಬಾರದು ಎಂದು ದೊಡ್ಡ ಯೋಜನೆ ನಡೆದಿದೆ. ಬೀದಿಗೊಂದು ಸೋಲಾರ್ ಟ್ಯಾಂಕು, ಮೋಡದ ದಿನಕ್ಕೆ ಹೊರಗಿನ ಗಾಳಿಯ ಕಾವಿನಿಂದಲೇ ನೀರು ಬಿಸಿ ಮಾಡುವ ಕರೆಂಟಿನ ಮಿಷನ್ನು, ಅಲ್ಲಿಂದ ಮನೆಮನೆಗೆ ಪೈಪು. ನಮ್ಮ ಮಹಿಳಾ ಸಂಘದ ಕಡೆಯಿಂದ ನನ್ನನ್ನೂ ಸಮಿತಿಗೆ ಹಾಕಿದ್ದಾರೆ. ಇಂಜಿನಿಯರ್ ಚಂದ್ರಕುಮಾರ್ ಒಳ್ಳೆಯ ಮನುಷ್ಯ. ಊರಿನ ನಕ್ಷೆ ಗೋಡೆಗೆ ಅಂಟಿಸಿ ನಿಧಾನವಾಗಿ ಬಿಡಿಸಿ ಹೇಳಿದರು. ಹಂಡೆ ಒಲೆಯ ಮನೆಗಳಿಗೆ ಮೊದಲ ವರ್ಷವೇ ಬಿಸಿನೀರು. ಗ್ಯಾಸ್ ಗೀಸರ್ ಇರುವ ಮನೆಗಳಿಗೆ ಐದನೆಯ ವರ್ಷ. ಹೊಗೆಯೇ ಇಲ್ಲದ ಮನೆಗೆ ಏನವಸರ ಎಂದು ಎಲ್ಲರೂ ತಲೆಯಾಡಿಸಿದರು.

ನಾನು ಎದ್ದು ನಿಂತು, ಗೀಸರ್ ಮನೆಗಳೇ ಮೊದಲಾಗಬೇಕು ಎಂದೆ. ಅಧ್ಯಕ್ಷರು, "ನಿನ್ ಸಂಕಟ ನಮಗೂ ಅರ್ಥ ಆಯ್ತದೆ ಕಣಮ್ಮ" ಎಂದು ಬಿಸ್ಕತ್ತಿನ ತಟ್ಟೆಯನ್ನು ನನ್ನ ಕಡೆ ತಳ್ಳಿದರು. ಮುಂದಿನ ವಿಷಯಕ್ಕೆ ಹೋದರು. ಮಗಳನ್ನು ಕಳೆದುಕೊಂಡವಳ ಬಾಯಿಂದ ಬಂದರೆ ಎಂಥ ಮಾತೂ ಗೋಳಾಗಿಬಿಡುತ್ತದೆ, ನೋಡಿ. ಬಿಸ್ಕತ್ತು ಮುಟ್ಟಲಿಲ್ಲ.

ಸೋಮವಾರ ಕೊನೆಯ ಸಭೆ. ಯಾವ ಮನೆ ಮೊದಲು, ಯಾವುದು ಕೊನೆ ಎಂದು ಅಂದೇ ತೀರ್ಮಾನ. ಆ ಗೀಸರ್‌ಗಳನ್ನೆಲ್ಲ ಕೂರಿಸಿದ ಪ್ಲಂಬರ್ ನೀವು. ಯಾರ ಬಚ್ಚಲಿಗೆ ಗಾಳಿಗಂಡಿ ಇದೆ, ಯಾರದು ಉಸಿರು ಕಟ್ಟುವ ಡಬ್ಬಿ ಎಂಬುದು ನಿಮಗೆ ಬಾಯಿಪಾಠ. ನೀವು ಬಂದು ಎಲ್ಲರ ಮುಂದೆ ಹೇಳಿದರೆ ಅದು ಗೋಳಲ್ಲ, ಕಸುಬು ಬಲ್ಲವನ ಮಾತು. ಈ ಕಾಗದದ ಅರ್ಧ ವಿಷಯ ಇದೇ.

ಉಳಿದರ್ಧ ಬರೆಯುವುದು ಕಷ್ಟ. ಆದರೂ ಬರೆಯುತ್ತೇನೆ.

ನಮ್ಮ ಕೃತಿಕಾ, ನಮ್ಮ ಪುಟ್ಟಿ, ತೀರಿಹೋದ ಜನವರಿಯ ಚಳಿಯನ್ನು ನೀವೂ ಮರೆತಿರಲಾರಿರಿ. ಕಿಟಕಿ ಮುಚ್ಚಿಕೊಂಡು ಸ್ನಾನಕ್ಕೆ ನಿಂತವಳು ಹೊರಗೆ ಬರಲೇ ಇಲ್ಲ. ನಾವು ಬಾಗಿಲು ಒಡೆದಾಗ ಬಿಸಿನೀರು ಇನ್ನೂ ಸುರಿಯುತ್ತಲೇ ಇತ್ತು. ನೀವೇ ಕೂರಿಸಿದ ಗೀಸರಿನ ವಿಷಗಾಳಿ ಅವಳನ್ನು ತಿಂದಿತ್ತು. ವಾಸನೆಯಿಲ್ಲ, ಹೊಗೆಯಿಲ್ಲ, ಒಂದು ಕೂಗಿಲ್ಲ. ಆಮೇಲೆ ನೀವು ಮನೆಮನೆಗೆ ಹೋಗಿ ಗೀಸರ್ ತೆಗೆಸಿ ಎಂದು ಕೈಮುಗಿದಿರಿ. ದುಡ್ಡು ಕೊಟ್ಟು ಹಾಕಿಸಿದ್ದು ತೆಗೆಸುತ್ತಾರೆಯೇ? ತಲೆ ಕೆಟ್ಟಿದೆ ಎಂದರು. ನನ್ನ ಕಣ್ಣೆದುರು ಬರಬೇಡಿ ಎಂದು ನಾನೂ ಅಂದೆ. ಅದಕ್ಕೆ ಕ್ಷಮೆ ಕೇಳಲು ಈ ಕಾಗದ ಬರೆಯುತ್ತಿಲ್ಲ. ಹೆತ್ತ ಹೊಟ್ಟೆ, ಅಂದಿತು.

ನೀವು ಹೋದ ಮೇಲೆ ಊರಿನಲ್ಲಿ ಹೊಸದೊಂದು ಶುರುವಾಯಿತು. ಸಂತೆಗೆ ಹೋದವರು ತಿರುಗಿ ಬಂದು ನೋಡಿದರೆ ಬಚ್ಚಲ ಕಿಟಕಿಯ ಗಾಜಿನ ಪಟ್ಟಿಗಳೇ ಇರುವುದಿಲ್ಲ. ಕಳ್ಳತನವಲ್ಲ, ಒಂದು ಚೊಂಬೂ ಹೋಗಿರುವುದಿಲ್ಲ. ಹಾಡಹಗಲೇ, ಒಂದೊಂದು ಸಂತೆಗೆ ಒಂದೊಂದು ಮನೆ, ಅದೂ ಗೀಸರ್ ಇರುವ ಮನೆಯೇ. ಪಕ್ಕದ ಮನೆ ಮಾರಮ್ಮ ಓಡಿಬಂದು ನನ್ನ ಕೈ ಹಿಡಿದುಕೊಂಡಳು. "ನಿನ್ ಮಗಳೇ ಕಣೇ! ಉಸ್ರಿಗೆ ಒದ್ದಾಡ್ತಾವ್ಳೆ. ಎಲ್ಲೆಲ್ಲಿ ಆ ಪೆಟ್ಟಿಗೆ ಅದೆಯೋ ಅಲ್ಲೆಲ್ಲ ಗಾಳಿ ಹುಡುಕ್ತಾವ್ಳೆ" ಎಂದಳು.

ನಾನು ಅಳಲಿಲ್ಲ ಕಣ್ರೀ, ನನಗೆ ಖುಷಿಯಾಯಿತು. ದೆವ್ವವೋ ಗಾಳಿಯೋ, ಹೇಗೋ ಒಂದು ರೂಪದಲ್ಲಿ ನಮ್ಮ ಹುಡುಗಿ ಇದೇ ಊರಿನಲ್ಲಿ ಓಡಾಡಿಕೊಂಡಿದ್ದಾಳಲ್ಲ! ಸಂತೆಗೆ ಹೋಗುವುದನ್ನೇ ಬಿಟ್ಟೆ. ಬಚ್ಚಲ ಬಾಗಿಲು ತೆರೆದಿಟ್ಟು, ಅವಳ ಟವೆಲು ನೇತುಹಾಕಿ, ಬಾರೇ ಪುಟ್ಟಿ, ಅಮ್ಮ ಒಬ್ಬಳೇ ಇದ್ದೀನಿ ಎಂದು ಕರೆಯುತ್ತ ಕುಳಿತೆ. ಊರೆಲ್ಲ ಸುತ್ತಿದವಳು ನಮ್ಮ ಮನೆಗೆ ಮಾತ್ರ ಬರಲಿಲ್ಲ. ನನ್ನ ಮೇಲೆ ಮುನಿಸೇನೋ ಎಂದು ಎಷ್ಟು ಕೊರಗಿದೆನೋ ನಿಮಗೇನು ಗೊತ್ತು.

ಕೊನೆಗೆ ಮಾರಮ್ಮನ ಮನೆಯ ಸರದಿ ಬಂತು. ನೋಡಲು ಹೋದೆ. ಬಿಚ್ಚಿದ ಪಟ್ಟಿಗಳನ್ನು ಕಾಂಪೌಂಡಿನ ಮೇಲೆ ಒಂದರ ಮೇಲೊಂದು ಜೋಡಿಸಿತ್ತು. ಒಂದೊಂದರ ನಡುವೆಯೂ ಪೇಪರಿನ ತುಂಡು, ಗೀರು ಬೀಳದಂತೆ. ದೆವ್ವಕ್ಕೂ ಎಂಥ ನಾಜೂಕು ಎಂದು ಮಾರಮ್ಮ ಬೆರಗಾದಳು. ಅಡುಗೆಮನೆಯ ಸ್ಟೀಲ್ ತಟ್ಟೆಗಳ ನಡುವೆಯೂ ಪೇಪರ್ ಇಡುವ ಮನುಷ್ಯ ಈ ಭೂಮಿಯ ಮೇಲೆ ಒಬ್ಬನೇ. ಅವನ ಜೊತೆ ನಾನು ಹದಿನೆಂಟು ವರ್ಷ ಸಂಸಾರ ಮಾಡಿದ್ದೇನೆ.

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಮಗಳನ್ನು ನನ್ನಿಂದ ಎರಡನೆಯ ಸಲ ಕಿತ್ತುಕೊಂಡ ಹಾಗಾಯಿತು. ಮನೆಗೆ ಬಂದು ಆ ಟವೆಲು ಮಡಚಿ ಪೆಟ್ಟಿಗೆಯ ತಳಕ್ಕೆ ಹಾಕಿದೆ. ಆಮೇಲೆ, ಬೇಡವೆಂದರೂ ಕೇಳದೆ, ನಿಮ್ಮ ಮೇಲೆ ಕರುಳು ಚುರ್ ಎಂದಿತು. ಯಾರೂ ಮಾತು ಕೇಳದ ಊರಿಗೆ, ಬಸ್ಸು ಹತ್ತಿ ಬಂದು, ಮುಖ ಮರೆಸಿಕೊಂಡು, ಒಂದೊಂದೇ ಕಿಟಕಿ ಬಿಚ್ಚಿ ಜೀವ ಉಳಿಸಿ ಹೋಗುತ್ತಿದ್ದೀರಿ. ಪಕ್ಕದ ಮನೆಯವರೆಗೆ ಬಂದರೂ ಸ್ವಂತ ಮನೆಯ ಬಾಗಿಲು ತಟ್ಟುವ ಧೈರ್ಯ ಮಾತ್ರ ನಿಮಗೆ ಬರಲಿಲ್ಲ.

ಆದರೆ ನೀವೆಣಿಸಿದ್ದು ತಿರುಗುಮುರುಗಾಗಿದೆ. ದೆವ್ವಕ್ಕೆ ಹೆದರಿ ಜನ ಈಗ ಕಿಟಕಿಗಳಿಗೆ ಹಲಗೆ ಹೊಡೆಸುತ್ತಿದ್ದಾರೆ. ಮಠದ ಅಯ್ಯನವರಿಂದ ತಾಯತ ತಂದು ಹಲಗೆಯ ಮೇಲೆ ಕಟ್ಟುತ್ತಿದ್ದಾರೆ. ಗಾಳಿಯಾಡುತ್ತಿದ್ದ ಬಚ್ಚಲುಗಳೂ ಮುಚ್ಚಿಹೋದವು. ಹಿಂದಿನ ಬೀದಿಯ ಈರಕ್ಕನ ಮಗಳು ಭೂಮಿಕಾ ಬಾಣಂತನಕ್ಕೆ ಬಂದಿದ್ದಾಳೆ. ಅವರದೂ ಗೀಸರ್ ಬಚ್ಚಲು, ಅದರ ಕಿಟಕಿಗೆ ಸಂದಿಯೂ ಉಳಿಯದಂತೆ ಹಲಗೆ ಬಡಿದಿದ್ದಾರೆ. ನಾಳೆ ಬೆಳಿಗ್ಗೆ ತಾಯಿ ಮಗುವಿಗೆ ಮೊದಲ ದೊಡ್ಡ ಸ್ನಾನ. ಬಾಣಂತಿ ಸ್ನಾನ ಎಷ್ಟು ಹೊತ್ತು ಎಂದು ನಿಮಗೆ ಹೇಳಬೇಕಾಗಿಲ್ಲ. ಈರಕ್ಕನ ಕಾಲು ಹಿಡಿಯುವುದೊಂದು ಬಾಕಿ. "ಹಸಿ ಬಾಣಂತೀಗೆ ಗಾಳಿ ತಗುಲಿದ್ರೆ ನೀನು ನೋಡ್ಕತೀಯಾ? ಮೇಲೆ ನಿನ್ ಮಗಳ ಕಾಟ ಬೇರೆ" ಎಂದು ಬಾಗಿಲು ಹಾಕಿಕೊಂಡಳು. ನಾಳೆ ನಾನು ಏನು ಮಾಡುತ್ತೇನೋ ನನಗೇ ತಿಳಿಯದು.

ಕದ್ದು ಬಂದು ಹೋಗುವುದು ಸಾಕು. ಸೋಮವಾರ ಬನ್ನಿ, ಬೆಳಕಿನಲ್ಲಿ ಬನ್ನಿ. ಕಿಟಕಿ ಬಿಚ್ಚಿದವನು ನಾನು, ಇಂಥದ್ದಕ್ಕೆ ಬಿಚ್ಚಿದೆ ಎಂದು ಹೇಳಿ. ಬೈದರೆ ಬೈಯಲಿ, ನಾನು ಪಕ್ಕದಲ್ಲಿ ನಿಂತಿರುತ್ತೇನೆ.

ಇಂತಿ,
ನಿಮ್ಮ ಮೇಲೆ ಸಿಟ್ಟು ಇಳಿಯದ, ದಾರಿ ಕಾಯುತ್ತಿರುವ
ಮಲ್ಲಿಕಾಂಬ

ತಾ.ಕ.: ಶುಕ್ರವಾರ ಬೆಳಿಗ್ಗೆ. ಹೊನ್ನೇಶನ ವ್ಯಾನು ಹೊರಡುವ ಮುಂಚೆ ಇಷ್ಟು ಸೇರಿಸುತ್ತಿದ್ದೇನೆ. ನಮ್ಮ ಹಿತ್ತಲಿಗೆ ಅಂಟಿದ ಈರಕ್ಕನ ಬಚ್ಚಲಲ್ಲಿ ಗೀಸರ್ ಹೊತ್ತಿದ ಸದ್ದು ಕೇಳಿತು. ಹಾರೆ ತೆಗೆದುಕೊಂಡು ಹೋಗಿ ಆ ಹಲಗೆ ಒಡೆದು ಹಾಕಿದೆ. ಒಳಗೆ ಮಗು ಕಿಟಾರನೆ ಅತ್ತಿತು. ಆ ಅಳು ಕೇಳಿ ನನಗೆ ಹೋದ ಜೀವ ಬಂತು. ಬೀದಿಯೇ ಸೇರಿತು. ಈರಕ್ಕ ನನ್ನ ಜುಟ್ಟು ಹಿಡಿದಳು. ಊರಿನ ಕಿಟಕಿಗಳನ್ನೆಲ್ಲ ಬಿಚ್ಚಿದವಳು ನಾನೇ ಎಂದುಬಿಟ್ಟೆ, ನಿಮ್ಮ ಹೆಸರೆತ್ತಲಿಲ್ಲ. ಎಲ್ಲರೂ ನಂಬಿದರು. ಈಗ ಊರಿನಲ್ಲಿ ದೆವ್ವವಿಲ್ಲ, ನಮ್ಮ ಪುಟ್ಟಿಯೂ ಇಲ್ಲ, ಇರುವುದು ಹುಚ್ಚಿ ಮಲ್ಲಿಕಾಂಬ ಒಬ್ಬಳೇ. ಸೋಮವಾರ ಸಭೆಗೆ ಬರಬೇಡ ಎಂದು ಹೇಳಿಕಳಿಸಿದ್ದಾರೆ. ಈರಕ್ಕನ ಅಳಿಯ ಹೊಸ ಹಲಗೆ ತರಲು ಹೋಗಿದ್ದಾನೆ, ನಾಳಿದ್ದು ಮತ್ತೆ ಬಾಣಂತಿ ಸ್ನಾನ. ಅದರ ಒಳಗೇ ಬನ್ನಿ. ಹುಚ್ಚಿಯ ಮಾತನ್ನು ಇನ್ನು ಈ ಊರಲ್ಲಿ ಯಾರೂ ಕೇಳುವುದಿಲ್ಲ.