ಪಟಾಕಿಯೊಂದಿಗೆ ಪಾರ್ಕಿಗೆ

ಫೆಬ್ರವರಿ ೧೧, ಮಂಗಳವಾರ

ಪ್ರೀತಿಯ ಪುಟ್ಟಿ,

ನೀನು, ಮಕ್ಕಳು, ನಿಮ್ಮನೆಯವರು ಎಲ್ಲ ಆರಾಮವೇ? ನಾನು ಆರಾಮ. ಹಾಗೆಂದು ಬರೆದು, ಪೆನ್ನು ಕೆಳಗಿಟ್ಟು, ಮತ್ತೊಮ್ಮೆ ಓದಿದೆ. ಸುಳ್ಳೇನಲ್ಲ ಅನ್ನಿಸಿತು. ಮುಂದುವರಿಸುತ್ತಿದ್ದೇನೆ.

ಉತ್ತರ ಬರೆಯಲು ಇಷ್ಟು ತಡವಾದದ್ದಕ್ಕೆ ಕೋಪ ಮಾಡಿಕೊಳ್ಳಬೇಡ. ಕೆಲಸ ಜಾಸ್ತಿಯಾಗಿತ್ತು ಎಂದು ನೆಪ ಹೇಳಲಾರೆ. ಕೆಲಸ ಕಡಿಮೆಯಾದದ್ದರಿಂದಲೇ ತಡವಾಯಿತು. ಮೊದಲಾದರೆ ಅಮ್ಮನಿಗೆ ಗಂಜಿ ಕುಡಿಸಿ, ಮಗ್ಗುಲು ಬದಲಿಸಿ, ಹಾಸಿಗೆಬಟ್ಟೆ ನೆನೆಹಾಕುವ ನಡುವೆ ನಿನಗೆ ನಾಲ್ಕು ಪುಟ ಗೀಚಿ ಹಾಕುತ್ತಿದ್ದೆ. ಈಗ ಇಡೀ ದಿನ ನನ್ನದೇ, ನಾಲ್ಕು ಸಾಲು ಮೂಡುವುದಿಲ್ಲ. ಫೋನಿನಲ್ಲಂತೂ ನೀನು "ಊಟ ಆಯ್ತಾ ಅಕ್ಕಾ" ಅನ್ನುತ್ತೀಯ, ನಾನು "ಆಯ್ತು" ಅನ್ನುತ್ತೇನೆ, ಅಲ್ಲಿಗೆ ಮಾತು ಮುಗಿಯಿತು.

ಅಮ್ಮನಿಗೆಂದು ಬಾಡಿಗೆಗೆ ತಂದಿದ್ದ ಕಬ್ಬಿಣದ ಮಂಚವನ್ನು ಹೋದ ವಾರ ಬಂದು ತೆಗೆದುಕೊಂಡು ಹೋದರು. ಆ ಕೋಣೆ ಅಷ್ಟು ದೊಡ್ಡದೆಂದು ನನಗೆ ಗೊತ್ತೇ ಇರಲಿಲ್ಲ. ಬೆಳಕು ಚೆನ್ನಾಗಿದೆಯೆಂದು ಹೊಲಿಗೆ ಮೆಷಿನ್ನನ್ನು ಅಲ್ಲಿಗೇ ಎಳೆದುಕೊಂಡೆ. ಯಾವುದೋ ಹೊಸ ಹೋಟೆಲಿನವರು ಎಲ್ಲ ರೂಮುಗಳಿಗೂ ಪರದೆ ಹೊಲಿಯಲು ಕೊಟ್ಟಿದ್ದಾರೆ. ಬೂದು ಬಣ್ಣದ ಬಟ್ಟೆ, ಎಲ್ಲವೂ ಒಂದೇ ಅಳತೆ. ಯೋಚನೆ ಮಾಡುವ ಅಗತ್ಯವೇ ಇಲ್ಲ. ನನಗೆ ಅದೇ ಬೇಕಿತ್ತು.

ನಾನಿನ್ನೂ ಅತ್ತಿಲ್ಲ ಪುಟ್ಟಿ. ನೀನು ಬಂದಿದ್ದಾಗ ನೋಡಿದ್ದೀಯಲ್ಲ, ನೀನು ಅತ್ತೂ ಅತ್ತೂ ಸುಸ್ತಾಗಿದ್ದೆ, ನಾನು ಬಂದವರಿಗೆಲ್ಲ ಕಾಫಿ ಕೊಡುತ್ತಿದ್ದೆ. ಪಕ್ಕದ ಮನೆಯವರು ನನ್ನನ್ನು ಗಟ್ಟಿಗಿತ್ತಿ ಅಂದರು. ಗಟ್ಟಿತನವಲ್ಲ ಅದು. ಮಲಗಿದ್ದಾಗ ಕೈ ಮೈಯಡಿ ಸಿಕ್ಕಿಕೊಂಡರೆ ಜೋಮು ಹಿಡಿಯುತ್ತದಲ್ಲ, ಚಿವುಟಿದರೂ ತಿಳಿಯುವುದಿಲ್ಲ. ನನ್ನದು ಹಾಗೆ. ನೋವಿಲ್ಲ, ಏನೂ ಇಲ್ಲ.

ಈ ಭಾನುವಾರದ ಸಂಗತಿ ಹೇಳಬೇಕೆಂದೇ ಪತ್ರಕ್ಕೆ ಕುಳಿತದ್ದು. ಪಟಾಕಿ ನನ್ನನ್ನು ಪಾರ್ಕಿಗೆ ಕರೆದುಕೊಂಡು ಹೋಗಿದ್ದಳು. ಅವಳು ನಿನಗೆ ಗೊತ್ತೇ ಇದ್ದಾಳೆ, ಶಾಲೆಯಿಂದಲೂ ನನ್ನ ಬೆಂಚಿನವಳು. ಅವಳು ನಕ್ಕರೆ ನೀನು ಬೆಚ್ಚಿ ಬಿದ್ದು ಅಳುತ್ತಿದ್ದೆ ಎಂದೇ ಅಮ್ಮ ಆ ಹೆಸರಿಟ್ಟದ್ದು. ಈಗಲೂ ಅದೇ ಹಲ್ಲಿನ ಡಾಕ್ಟರ ಹತ್ತಿರ ಸಹಾಯಕಿಯಾಗಿದ್ದಾಳೆ.

ಶನಿವಾರ ಸಂಜೆ ಬಂದವಳೇ, ನಾನು ಹೊಲಿಯುತ್ತಿದ್ದ ಪರದೆಯನ್ನು ಕೈಯಿಂದ ಕಿತ್ತುಕೊಂಡಳು. "ನಾಳೆ ಬೆಳಗ್ಗೆ ರೆಡಿಯಾಗಿರು. ಪಾರ್ಕಿಗೆ ಹೋಗ್ತಿದ್ದೀವಿ."

"ಬೆಂಚಿನ ಮೇಲೆ ಕೂರೋಕೆ ಅಲ್ಲೀ ತನಕ ಯಾಕೆ ಹೋಗ್ಬೇಕು?" ಎಂದೆ.

"ಕೂರೋ ಪಾರ್ಕಲ್ಲ ಕಣೇ, ಮನುಷ್ಯರನ್ನ ತಲೆಕೆಳಗು ಮಾಡಿ ಅಲ್ಲಾಡಿಸ್ತಾರಲ್ಲ, ಆ ಪಾರ್ಕು."

"ನಮ್ಮ ವಯಸ್ಸಿಗಾ?"

"ಅಲ್ಲಿ ವಯಸ್ಸು ಯಾರೂ ಕೇಳಲ್ಲ, ಎತ್ತರ ಮಾತ್ರ ನೋಡ್ತಾರೆ. ಈ ಕುಳ್ಳಿನೇ ಪಾಸಾಗ್ತಾಳೆ ಅಂದ್ಮೇಲೆ ನಿಂದೇನು? ಊರಿನವರ ಹಲ್ಲೆಲ್ಲ ನೋಡಿ ನೋಡಿ ಸಾಕಾಗಿದೆ ನಂಗೆ. ಬಾಯಿ ಮುಚ್ಕೊಂಡು ಬಾ."

ಬೇಡವೆನ್ನಲೂ ಮನಸ್ಸು ಬೇಕಲ್ಲ. ಹೊರಟೆ.

ಪಾರ್ಕಿನ ಗೇಟಿನಲ್ಲಿ ಚೀಲ ತಪಾಸಣೆ. ಅಲ್ಲಿದ್ದ ಹೆಂಗಸು ನನ್ನ ಚೀಲದಿಂದ ಒಂದೊಂದೇ ವಸ್ತು ಹೊರಗೆ ತೆಗೆದಳು. ಮೂತಿಯಿರುವ ಲೋಟ, ಒದ್ದೆ ಟಿಶ್ಯೂ ಪೊಟ್ಟಣ, ಪೌಡರ್ ಡಬ್ಬಿ, ಮಡಿಸಿದ ಹಾಸಿಗೆಬಟ್ಟೆ. ಅಮ್ಮನನ್ನು ಆಸ್ಪತ್ರೆಗೆ ಒಯ್ಯುವಾಗ ತುಂಬುತ್ತಿದ್ದ ಸಾಮಾನೆಲ್ಲ ಅಭ್ಯಾಸಬಲದಿಂದ ನನ್ನ ಕೈ ತಾನಾಗಿಯೇ ತುಂಬಿತ್ತು. ನನಗೇ ತಿಳಿದಿರಲಿಲ್ಲ.

"ಮಗು ಎಲ್ಲಮ್ಮಾ?" ಎಂದು ಅವಳು ಆಚೀಚೆ ನೋಡಿದಳು.

ಪಟಾಕಿ ಮುಂದೆ ಬಂದು, "ನಾನೇ ಮಗು. ಸ್ವಲ್ಪ ಹಟಮಾರಿ, ಅದಕ್ಕೇ ಇಷ್ಟೊಂದು ಸಾಮಾನು" ಎಂದಳು. ಆ ಹೆಂಗಸು ನಗುತ್ತಾ ನಮ್ಮನ್ನು ಒಳಗೆ ಬಿಟ್ಟಳು.

ಮೊದಲಿಗೇ ಅವಳು ನನ್ನನ್ನು ಎಳೆದದ್ದು ರೋಲರ್ ಕೋಸ್ಟರಿಗೆ. ಸೀಟಿನಲ್ಲಿ ಕೂರಿಸಿ, ಭುಜದ ಮೇಲಿಂದ ದಪ್ಪ ಕಂಬಿ ಇಳಿಸಿದರು. ಅಲ್ಲಿಯ ಕೆಲಸದವನು ನನ್ನ ಬೆಲ್ಟನ್ನು ಎರಡು ಸಲ ಎಳೆದು ನೋಡಿ, "ಬಿಗಿಯಾಯ್ತಾಮ್ಮ? ನೋವಾಗ್ತಿಲ್ಲ ತಾನೇ?" ಎಂದು ಕೇಳಿದ. ಗಾಲಿಕುರ್ಚಿಯ ಬೆಲ್ಟು ಹಾಕುವಾಗ ದಿನವೂ ನಾನು ಅಮ್ಮನನ್ನು ಕೇಳುತ್ತಿದ್ದ ಮಾತು. ನನ್ನನ್ನು ಯಾರಾದರೂ ಹಾಗೆ ಕೇಳಿ ಎಷ್ಟು ಕಾಲವಾಗಿತ್ತೋ! "ಸರಿಯಾಗಿದೆಯಪ್ಪಾ" ಎಂದೆ.

ಗಾಡಿ ಟಕಟಕ ಎನ್ನುತ್ತಾ ಮೇಲೇರಿತು. ತುದಿಯಲ್ಲಿ ಒಂದು ಕ್ಷಣ ನಿಂತು ಕೆಳಕ್ಕೆ ಧುಮುಕಿತು ನೋಡು, ಗಾಡಿಗೆ ಗಾಡಿಯೇ "ಅಮ್ಮಾ" ಎಂದು ಕಿರುಚಿಕೊಂಡಿತು. ನಮ್ಮ ಮುಂದಿನ ಸೀಟಿನಲ್ಲಿ ಬೊಕ್ಕತಲೆಯ ಮಾವನೊಬ್ಬ ಇದ್ದ, ಅವನೂ "ಅಮ್ಮಾ ಅಮ್ಮಾ" ಎನ್ನುತ್ತಿದ್ದ. ನನ್ನ ತುಟಿ ಮಾತ್ರ ಅಂಟಿಸಿದ ಹಾಗೆ ಮುಚ್ಚಿಕೊಂಡಿತ್ತು. ಆಕಾಶ ಕೆಳಗೆ ಬಂತು, ಮರಗಳು ಮೇಲೆ ಹೋದವು, ಮತ್ತೆ ಎಲ್ಲ ಸ್ವಸ್ಥಾನಕ್ಕೆ ಬಂದವು. ಯಾರದೋ ವಿಷಯ ಪೇಪರಿನಲ್ಲಿ ಓದಿದ ಹಾಗಿತ್ತು.

ಇಳಿದು ಬರುವ ದಾರಿಯಲ್ಲಿ, ಧುಮುಕುವಾಗ ತೆಗೆದ ನಮ್ಮ ಫೋಟೋವನ್ನು ಟೀವಿ ಪರದೆಯ ಮೇಲೆ ಹಾಕಿದ್ದರು. ಎಲ್ಲರ ಬಾಯಿಯೂ ಗುಹೆಯಂತೆ ತೆರೆದಿತ್ತು. "ನಮ್ಮ ಕ್ಲಿನಿಕ್ಕಿನಲ್ಲಿ ಹೀಗೆ ಬಾಯಿ ತೆರೆದ್ರೆ ಡಾಕ್ಟರಿಗೆ ಟಾರ್ಚೇ ಬೇಡ" ಎಂದು ಪಟಾಕಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ನನ್ನ ಮುಖ ಹುಡುಕಿದಳು. "ನೀನ್ಯಾಕೇ ಬ್ಯಾಂಕಿನ ಸಾಲಲ್ಲಿ ನಿಂತವಳ ಥರ ಕೂತಿದ್ದೀಯಾ?"

ಅವಳು ಸೋಲುವವಳಲ್ಲ. ಡಿಕ್ಕಿ ಹೊಡೆಯುವ ಪುಟ್ಟ ಕಾರುಗಳಲ್ಲಿ ಕೂರಿಸಿದಳು. ನಾನು ಸ್ಟೇರಿಂಗ್ ಎತ್ತಲೋ ತಿರುಗಿಸಿ ಹಿಂದಿನಿಂದ ಅವಳಿಗೇ ಗುದ್ದಿದೆ. ಅವಳ ಕನ್ನಡಕ ಹಾರಿ ಮಡಿಲಿಗೆ ಬಿತ್ತು. "ಶಾಲೆಯಲ್ಲಿ ನಿನಗೆ ನಕಲು ಮಾಡೋಕೆ ಬಿಟ್ಟಿದ್ದಕ್ಕೆ ಇದಾ ಪ್ರತಿಫಲ?" ಎಂದು ಕಿರುಚಿದಳು. ನಾನು ನಕ್ಕೆ ಪುಟ್ಟಿ. ಹೊಟ್ಟೆಯೊಳಗಿನಿಂದ ಬಂದ ನಗುವಲ್ಲ, ಆದರೂ ಶಬ್ದ ಬಂತು. ಐಸ್‌ಕ್ರೀಮ್ ತಿಂದೆವು. ಅಲೆ ಬರುವ ಕೊಳದಲ್ಲಿ ಮೊಣಕಾಲುದ್ದ ನೀರಿನಲ್ಲಿ ಕುಳಿತೆವು. ನೀರು ಬಂದು ತಳ್ಳುತ್ತಿತ್ತು, ಹೋಗುತ್ತಿತ್ತು. ಯಾರನ್ನೂ ಎತ್ತಬೇಕಾಗಿರಲಿಲ್ಲ, ಒರೆಸಬೇಕಾಗಿರಲಿಲ್ಲ. ಹಾಯಾಗಿತ್ತು ಎಂದೇ ಹೇಳಬೇಕು.

ಮಧ್ಯಾಹ್ನದ ಮೇಲೆ ದೊಡ್ಡ ಉಯ್ಯಾಲೆಯ ಹತ್ತಿರ ಒಬ್ಬ ಮುದುಕಿಯನ್ನು ಕಂಡೆ. ಗಾಲಿಕುರ್ಚಿಯಲ್ಲಿದ್ದಳು. ಹಿಂದೆ ಕುರ್ಚಿಯ ಹಿಡಿ ಹಿಡಿದು ನಿಂತಿದ್ದ ಮಗಳು ಉಯ್ಯಾಲೆಯನ್ನೇ ಕಣ್ಣು ಮಿಟುಕಿಸದೆ ನೋಡುತ್ತಿದ್ದಳು. ಮುದುಕಿಯ ಒಂದು ಕಾಲು ಕುರ್ಚಿಯ ಕಾಲುಮಣೆಯಿಂದ ಜಾರಿ ನೆಲಕ್ಕೆ ತಾಗಿತ್ತು. ನಾನು ಯೋಚಿಸಲೂ ಇಲ್ಲ, ಬಗ್ಗಿ ಆ ಕಾಲನ್ನೆತ್ತಿ ಸರಿಯಾಗಿ ಇಟ್ಟೆ, ಬೆನ್ನ ಹಿಂದಿನ ದಿಂಬನ್ನೂ ನೇರ ಮಾಡಿದೆ.

"ಅಯ್ಯೋ, ಥ್ಯಾಂಕ್ಸ್ ಅಕ್ಕಾ" ಎಂದಳು ಮಗಳು.

"ಉಯ್ಯಾಲೆ ಹತ್ತಿ ಬನ್ನಿ. ಇವರ ಜೊತೆ ನಾನು ಕೂತಿರ್ತೀನಿ."

ಪಟಾಕಿ ನನ್ನ ತೋಳು ಹಿಂಡಿದಳು. "ಒಂದು ದಿನ ರಜೆ ಕೊಡಿಸೋಣ ಅಂದ್ರೆ ಇಲ್ಲೂ ಡ್ಯೂಟಿ ಹಿಡಿದ್ಯಲ್ಲೇ!" ಎಂದು ಗೊಣಗಿದಳು. ಆದರೂ ಆ ಮಗಳ ಕೈ ಹಿಡಿದು ಅವಳೇ ಉಯ್ಯಾಲೆಗೆ ಕರೆದುಕೊಂಡು ಹೋದಳು.

ಮುದುಕಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಯಾರ ಮಗಳೇ ನೀನು?"

"ಲೈಬ್ರರಿಯಲ್ಲಿದ್ರು ನಮ್ಮಮ್ಮ, ಲೈಬ್ರರಿ ಮೇಡಂ ಅಂತಿದ್ರು, ಅವರ ಮಗಳು."

"ಅಮ್ಮನ್ನ ಕರ್ಕೊಂಡು ಬರಲಿಲ್ವಾ?"

"ತೀರಿಕೊಂಡ್ರು ಅಜ್ಜಿ."

ಪುಟ್ಟಿ, ಆ ಮಾತನ್ನು ನಾನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಅಲ್ಲಿಯ ತನಕ ಡಾಕ್ಟರು ಹೇಳಿದ್ದರು, ನಿನಗೆ ಫೋನಿನಲ್ಲಿ ಪಟಾಕಿ ಹೇಳಿದ್ದಳು, ಉಳಿದವರಿಗೆ ಪಕ್ಕದ ಮನೆಯವರು ಹೇಳಿದ್ದರು. ನಾನು ತಲೆಯಾಡಿಸುತ್ತಿದ್ದೆ, ಅಷ್ಟೇ.

ಮುದುಕಿ, "ಊಟ ಮಾಡಿದ್ಯಾ?" ಎಂದು ಕೇಳಿದಳು.

ಅಷ್ಟರಲ್ಲಿ ಮಗಳು ಬಂದಳು. ಮುಖ ಕೆಂಪಾಗಿತ್ತು, ಉಸಿರಿಗೂ ನಗುವಿಗೂ ಜಗಳ ಹತ್ತಿತ್ತು, ಕೂದಲು ಕಾಗೆಗೂಡು. ಮುದುಕಿ ಗದರಿಸಿದಳು. "ಏನೇ ಇದು ತಲೆ? ಜನ ಏನಂದಾರು? ಬಾ ಇಲ್ಲಿ." ಅಷ್ಟು ದೊಡ್ಡ ಹೆಂಗಸು ಕುರ್ಚಿಯ ಮುಂದೆ ಮಂಡಿಯೂರಿ ತಲೆ ಬಗ್ಗಿಸಿದಳು. ನಡುಗುವ ಬೆರಳುಗಳಿಂದ ತಾಯಿ ಅವಳ ಕೂದಲು ತೀಡತೊಡಗಿದಳು.

ನಾನು ಕುಡಿಯುವ ನೀರಿನ ನಲ್ಲಿಯ ಕಡೆ ನಡೆದೆ. ಪಟಾಕಿ ಹಿಂದೆಯೇ ಬಂದಳು.

"ಅಳ್ತಿದ್ದೀಯಾ?"

"ಇಲ್ಲ."

"ಅತ್ತುಬಿಡೇ. ಇಲ್ಲಿ ಯಾರು ನಮ್ಮ ಗುರುತಿನವರು?"

"ಬರ್ತಿಲ್ಲ ಕಣೇ."

"ಸರಿ ಬಿಡು. ಇನ್ನೊಂದ್ಸಲ ತಲೆಕೆಳಗಾಗೋಣ ಬಾ. ಉದುರಿದ್ರೆ ಉದುರ್ಲಿ."

ಮತ್ತೆ ಅದೇ ರೋಲರ್ ಕೋಸ್ಟರು ಹತ್ತಿದೆವು. ಏನೂ ಉದುರಲಿಲ್ಲ. ಆದರೆ ಈ ಸಲ ಪಟಾಕಿಯೂ ಕಿರುಚಲಿಲ್ಲ. ಮೇಲಿಂದ ಧುಮುಕಿ ಕೆಳಗಿಳಿದು ನಿಲ್ಲುವವರೆಗೂ ನನ್ನ ಮಣಿಕಟ್ಟನ್ನು ಬಿಗಿಯಾಗಿ ಹಿಡಿದು ಕುಳಿತಿದ್ದಳು. ಇಂದಿಗೂ ಅಲ್ಲಿ ಅವಳ ಉಗುರಿನ ಗುರುತಿದೆ.

ವಾಪಸು ಬರುವಾಗ ಬಸ್ಸಿನಲ್ಲಿ ನನ್ನ ಹೆಗಲಿಗೆ ತಲೆಯಿಟ್ಟು ನಿದ್ದೆಹೋದಳು. ಎಬ್ಬಿಸಲು ಮನಸ್ಸಾಗಲಿಲ್ಲ. ನಮ್ಮ ಸ್ಟಾಪು ಬಂದು ದಾಟಿಹೋಯಿತು. ಕೊನೆಯ ಸ್ಟಾಪಿನಿಂದ ಇಬ್ಬರೂ ನಡೆದುಕೊಂಡು ಬಂದೆವು, ದಾರಿಯುದ್ದಕ್ಕೂ ಬೈದಳು. ಮನೆಗೆ ಬಂದು ಎರಡು ಪರದೆ ಹೊಲಿದು ಮಲಗಿದೆ.

ಇಷ್ಟೇ ಸಮಾಚಾರ. ದೊಡ್ಡವಳ ಕೆಮ್ಮು ವಾಸಿಯಾಯಿತೇ? ಚಿಕ್ಕವನಿಗೆ ಕಾರಿನಲ್ಲಿ ದೊಡ್ಡಮ್ಮ ಡಿಕ್ಕಿ ಹೊಡೆದ ಕಥೆ ಹೇಳು, ನಗುತ್ತಾನೆ. ಮಕ್ಕಳ ತಲೆಯ ಮೇಲೆ ನನ್ನ ಕೈ ಸದಾ ಇದೆ ಎಂದು ತಿಳಿ. ನೀವೆಲ್ಲ ಹೊಟ್ಟೆತುಂಬ ಉಂಡು, ಕಣ್ತುಂಬ ನಿದ್ದೆ ಮಾಡಿ, ತಣ್ಣಗಿರಿ.

ನಿನ್ನ
ಅಕ್ಕ

ಮರೆತ ಮಾತು: ಕೊನೆಗಾಲದಲ್ಲಿ ಅಮ್ಮ ನಿನ್ನನ್ನು ನೆನೆಸಿಕೊಂಡಳೇ ಎಂದು ನೀನೊಮ್ಮೆ ಫೋನಿನಲ್ಲಿ ಕೇಳಿದ್ದೆ. ನಾನು "ಹೂಂ" ಎಂದು ಸುಮ್ಮನಾದೆ. ಪೂರ್ತಿ ಹೇಳಿಬಿಡುತ್ತೇನೆ. ಅವಳು ನಿನ್ನನ್ನು ಮಾತ್ರ ನೆನೆಸಿಕೊಂಡಳು. ತನಗೆ ಒಬ್ಬಳೇ ಮಗಳು, ದೂರದಲ್ಲಿದ್ದಾಳೆ ಎಂದು ಬಂದವರಿಗೆಲ್ಲ ಹೇಳುತ್ತಿದ್ದಳು. ನನ್ನನ್ನು 'ನೀವು' ಎಂದು ಕರೆಯಲು ಶುರುಮಾಡಿದ್ದಳು. ಹಾಸಿಗೆಬಟ್ಟೆ ಬದಲಿಸುವಾಗೆಲ್ಲ "ನಿಮಗೆ ತುಂಬಾ ತೊಂದರೆ ಕೊಡ್ತಿದ್ದೀನಿ" ಅನ್ನುತ್ತಿದ್ದಳು. ಕೊನೆಯ ವಾರ ಉಗುರು ಕತ್ತರಿಸುತ್ತಿದ್ದಾಗ ನನ್ನ ಕೈ ಹಿಡಿದುಕೊಂಡು, "ನಿಮ್ಮನ್ನ ಹೆತ್ತ ತಾಯಿ ಪುಣ್ಯ ಮಾಡಿದ್ರು ಕಣಮ್ಮಾ. ಅವರಿನ್ನೂ ಇದ್ದಾರಾ?" ಎಂದು ಕೇಳಿದಳು. "ಇದ್ದಾರೆ" ಎಂದೆ. "ಮತ್ತೆ ಇಲ್ಯಾಕೆ ಕೂತಿದ್ದೀರಿ? ಅವರ ಹತ್ರ ಹೋಗಿ, ಕಾಯ್ತಿರ್ತಾರೆ" ಎಂದಳು.